ಕಾಳೀತೀರದಲ್ಲಿ ವನ್ಯಾಹಾರದ ಮರ್ಯಾದೆ

ಆಹಾರದ ಇತಿಹಾಸವನ್ನು ಬರೆಯುವವರು ಅರಮನೆಯ ಪಾಕಶಾಲೆಯಿಂದಲೋ ದೇವಾಲಯದ ನೈವೇದ್ಯವನ್ನು ಕುರಿತ ಶಾಸನಗಳಿಂದಲೋ ತೊಡಗುವುದು ವಾಡಿಕೆ. ಅಲ್ಲಿ ಲಿಖಿತವಾದ ಆಧಾರಗಳಿರುವುದರಿಂದ ಅದು ಸಹಜವೇ ಸರಿ. ಆದರೆ ಅರಣ್ಯದ ಅಂಚಿನಲ್ಲಿ ಒಲೆಹೂಡಿ ಬಾಳಿದವರ ಊಟಕ್ಕೆ ಓಲೆಗರಿಯ ಸಾಕ್ಷ್ಯವಿಲ್ಲ, ತಾಮ್ರಪಟದ ಸಾಕ್ಷ್ಯವೂ ಇಲ್ಲ. ಮೀನು ಯಾವ ಮಳೆಗೆ ಹೊಳೆಯನ್ನು ಬಿಟ್ಟು ಗದ್ದೆಗೆ ಏರುವುದು, ಯಾವ ಮರದ ಇರುವೆಗೂಡು ಯಾವ ತಿಂಗಳಲ್ಲಿ ತುಂಬಿರುವುದು, ಹಂದಿಯ ಹೆಜ್ಜೆ ಹೊಸತೋ ಹಳತೋ ಎಂಬ ವಿಷಯಗಳು ತಂದೆಯಿಂದ ಮಗನಿಗೂ ಅತ್ತೆಯಿಂದ ಸೊಸೆಗೂ ಬಾಯಿಂದ ಬಾಯಿಗೆ ಇಳಿದುಬಂದ ವಿದ್ಯೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ತಾಲೂಕುಗಳಲ್ಲಿ ಈ ವಿದ್ಯೆಗೆ ಒದಗಿದ ಗತಿಯನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಇದರ ಸಾರವು ಕೊಲ್ಲುವ ಉಪಾಯಕ್ಕಿಂತ ಹೆಚ್ಚಾಗಿ, ಎಲ್ಲಿ ಕೈ ತಡೆಯಬೇಕೆಂಬ ಮರ್ಯಾದೆಯಲ್ಲಿ ಅಡಗಿತ್ತೆಂಬುದು ಮುಂದಿನ ವಿವರಗಳಿಂದ ವಾಚಕರಿಗೆ ಮನದಟ್ಟಾದೀತು.

೧. ದೇಶವೂ ಜನರೂ

ಕಾಳೀನದಿಯು ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು ೧೮೪ ಕಿಲೋಮೀಟರು ಹರಿದು, ಕಾರವಾರದ ಹತ್ತಿರ ಸಮುದ್ರವನ್ನು ಸೇರುತ್ತದೆ. ಜೋಯಿಡಾ ತಾಲೂಕಿಗೆ ಹಿಂದೆ ಸೂಪಾ ಎಂಬುದೇ ಹೆಸರು. ಕಾಳಿಗೆ ಪಾಂಢರಿ ಕೂಡುವ ಸಂಗಮದಲ್ಲಿದ್ದ ಸೂಪಾ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ತಾಲೂಕಿನ ಕಚೇರಿಗಳು ಜೋಯಿಡಾದಲ್ಲಿ ನೆಲೆಗೊಂಡವು. ಈ ತಾಲೂಕಿನ ಪಶ್ಚಿಮಭಾಗವು ಗೋವೆಯ ಗಡಿಗೆ ತಾಗಿ, ಬಹಳ ಮಳೆ ಸುರಿಯುವ ನಿತ್ಯಹರಿದ್ವರ್ಣದ ಕಾಡು. ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗಿ, ಹಳಿಯಾಳ ಮುಂಡಗೋಡಗಳಲ್ಲಿ ತೇಗ, ಮತ್ತಿ, ಬಿದಿರುಗಳ ಎಲೆಯುದುರುವ ಕಾಡೂ ಕೆರೆಗಳೂ ಬತ್ತದ ಗದ್ದೆಗಳೂ ಕಾಣುತ್ತವೆ. ಹೀಗೆ ಒಂದೇ ಸೀಮೆಯಲ್ಲಿ ಹೊಳೆ, ಕಾಡು, ಕೆರೆ, ಗದ್ದೆ ನಾಲ್ಕೂ ಸೇರಿರುವುದರಿಂದ ಇಲ್ಲಿಯವರ ಆಹಾರವೂ ನಾಲ್ಕು ಬಗೆಯ ನೆಲದಿಂದ ಬರುತ್ತಿತ್ತು.

ಜನರಲ್ಲಿಯೂ ಇಂತಹದೇ ವೈವಿಧ್ಯ. ಜೋಯಿಡಾದ ಕುಣಬಿಯರು ಕೊಂಕಣಿಯನ್ನಾಡುವವರು. ಹಿಂದೆ ಕುಮರಿ ಬೇಸಾಯದಿಂದ ರಾಗಿಯನ್ನು ಬೆಳೆಯುತ್ತಿದ್ದವರು. ಗೆಡ್ಡೆಗೆಣಸುಗಳ ವಿಷಯದಲ್ಲಿ ಇಂದಿಗೂ ಅವರನ್ನು ಮೀರಿಸುವವರಿಲ್ಲ. ಗೌಳಿಗರು ಎಮ್ಮೆಗಳನ್ನು ಕಟ್ಟಿ ಹಾಲು ಬೆಣ್ಣೆಗಳಿಂದ ಜೀವಿಸುವ ಜನ. ಸಿದ್ದಿಯರು ಆಫ್ರಿಕಾ ಖಂಡದ ಮೂಲದವರು; ಪೋರ್ತುಗೀಜರೇ ಮೊದಲಾದವರು ದಾಸರನ್ನಾಗಿ ತಂದ ಪೂರ್ವಿಕರು ಗೋವೆಯಿಂದ ತಪ್ಪಿಸಿಕೊಂಡು ಬಂದು ಈ ಕಾಡುಗಳಲ್ಲಿ ನೆಲೆಸಿದರು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಇವರಲ್ಲದೆ ಮರಾಠಿಗರೂ ಬಯಲುಸೀಮೆಯಿಂದ ಬಂದ ಒಕ್ಕಲಿನವರೂ ಇದ್ದಾರೆ.

ಈ ಜನರ ಊಟವನ್ನು ಕುರಿತು ಬರೆದಿಟ್ಟ ಹಳೆಯ ಆಧಾರಗಳಲ್ಲಿ ಮುಖ್ಯವಾದುದು ಕ್ಯಾಂಬೆಲ್ ಸಾಹೇಬರ ಸಂಪಾದಕತ್ವದಲ್ಲಿ ೧೮೮೩ರಲ್ಲಿ ಹೊರಬಂದ ಮುಂಬಯಿ ಇಲಾಖೆಯ ಗ್ಯಾಸೆಟಿಯರಿನ ಕಾನಡಾ ಸಂಪುಟ. ಅದರಲ್ಲಿ ಒಂದೊಂದು ಜಾತಿಯನ್ನು ವರ್ಣಿಸುವಾಗ ಅವರು ಮೀನು ಮಾಂಸಗಳನ್ನು ತಿನ್ನುವರೇ ಇಲ್ಲವೇ ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಗಿಸುವುದು ಪದ್ಧತಿ. ಏನನ್ನು ತಿನ್ನುವರೆಂಬುದು ಅಲ್ಲಿ ಬಂದಿತು; ಹೇಗೆ ಅರಿತು, ಎಷ್ಟಕ್ಕೆ ನಿಲ್ಲಿಸುವರೆಂಬುದು ಬರಲಿಲ್ಲ. ಅದಾದ ಕೆಲವೇ ವರ್ಷಗಳಲ್ಲಿ ಇದೇ ಜಿಲ್ಲೆಯ ಕಲೆಕ್ಟರರಾಗಿದ್ದ ಡೇವಿಡ್‌ಸನ್, ಅರಣ್ಯಾಧಿಕಾರಿ ಬೆಲ್, ಉಪ್ಪಿನ ಇಲಾಖೆಯ ಐಟ್ಕನ್ ಎಂಬ ಮೂವರು ಸೇರಿ ಇಲ್ಲಿನ ಚಿಟ್ಟೆಗಳನ್ನು ಕುರಿತ ದೀರ್ಘ ಲೇಖನವನ್ನು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಯಾವ ಹುಳು ಯಾವ ಗಿಡದ ಎಲೆಯನ್ನು ತಿನ್ನುತ್ತದೆಂಬುದನ್ನು ಅವರು ಅತ್ಯಂತ ಶ್ರದ್ಧೆಯಿಂದ ಗುರುತಿಸಿದ್ದಾರೆ. ಆ ಶ್ರದ್ಧೆ ಶ್ಲಾಘ್ಯವೇ. ಅದೇ ಕಾಡಿನಲ್ಲಿದ್ದ ಮನುಷ್ಯರ ಊಟಕ್ಕೆ ಅಷ್ಟು ಪುಟಗಳು ದೊರೆಯಲಿಲ್ಲವೆಂಬುದನ್ನು ಮಾತ್ರ ಗಮನಿಸಬೇಕು.

೨. ಶಾಸ್ತ್ರಗಳ ಸಾಕ್ಷ್ಯ

ವನ್ಯಮೃಗಗಳ ಆಹಾರವೆಂದರೆ ಶಾಸ್ತ್ರವಂತರು ಮೂಗು ಮುರಿಯತಕ್ಕ ಸಂಗತಿಯೆಂದು ವಿದ್ಯಾವಂತರ ಮನೆಗಳಲ್ಲಿ ಭಾವನೆಯುಂಟು. ಶಾಸ್ತ್ರಗ್ರಂಥಗಳು ಅಂತಹ ಭಾವನೆಗೆ ಎಡೆಕೊಡುವುದಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಮಾಂಸವರ್ಗವೆಂಬ ಭಾಗವೇ ಇದೆ. ಅಲ್ಲಿ ಪ್ರಾಣಿಗಳನ್ನು ಎಂಟು ಗುಂಪುಗಳಾಗಿ ವಿಭಾಗಿಸಿರುವುದು ಅವುಗಳ ನೆಲೆಯನ್ನೂ ಮೇಯುವ ರೀತಿಯನ್ನೂ ಹಿಡಿದು. ಹಿಡಿದೆಳೆದು ತಿನ್ನುವ ಪ್ರಸಹಗಳು, ಬಿಲದಲ್ಲಿರುವ ಭೂಮಿಶಯಗಳು, ಜೌಗಿನ ಆನೂಪಗಳು, ನೀರೊಳಗಿನ ವಾರಿಶಯಗಳು, ನೀರ ಮೇಲೆ ಸಂಚರಿಸುವ ವಾರಿಚರಗಳು, ಒಣಕಾಡಿನ ಜಾಂಗಲಗಳು, ಕೆದರಿ ಮೇಯುವ ವಿಷ್ಕಿರಗಳು, ಕುಟುಕಿ ತಿನ್ನುವ ಪ್ರತುದಗಳು ಎಂದು ಅವುಗಳ ಕ್ರಮ. ಉಡವು ಭೂಮಿಶಯಗಳಲ್ಲಿ, ಏಡಿ ಆಮೆಗಳು ವಾರಿಶಯಗಳಲ್ಲಿ, ಹಂದಿಯು ಆನೂಪಗಳಲ್ಲಿ ಬರುತ್ತವೆ. ಪ್ರಾಣಿಯು ಎಲ್ಲಿ ಇರುತ್ತದೆ, ಏನನ್ನು ತಿನ್ನುತ್ತದೆ ಎಂಬುದನ್ನು ಅರಿಯದೆ ಹೀಗೆ ವಿಂಗಡಿಸುವುದು ಸಾಧ್ಯವಿಲ್ಲ. ಗ್ರಂಥವು ವೈದ್ಯರದಾದರೂ ಅದರ ಕೆಳಗಿರುವ ಅರಿವು ಬೇಟೆಗಾರನದು, ಬೆಸ್ತನದು.

ಕಲ್ಯಾಣದ ಚಾಲುಕ್ಯಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸವು ಇನ್ನೂ ಸಮೀಪದ ಸಾಕ್ಷಿ. ನೂರು ಅಧ್ಯಾಯಗಳ ಈ ಸಂಸ್ಕೃತಗ್ರಂಥದಲ್ಲಿ ಅನ್ನಭೋಗ, ಮತ್ಸ್ಯವಿನೋದ, ಮೃಗಯಾವಿನೋದಗಳಿಗೆ ಬೇರೆಬೇರೆ ಸ್ಥಾನವಿದೆ. ಕಾಡುಹಂದಿಯ ಮಾಂಸವನ್ನು ಸುಡುವ ಬಗೆ, ಏಡಿ ಆಮೆಗಳ ಪಾಕ, ಗದ್ದೆಯ ಇಲಿಯ ಪಾಕ ಮೊದಲಾದವುಗಳನ್ನು ಆ ಚಕ್ರವರ್ತಿಯು ಸಂಕೋಚವಿಲ್ಲದೆ ವಿವರಿಸಿದ್ದಾನೆ. ಹಲವು ಬಗೆಯ ಮೀನುಗಳನ್ನು ಹೆಸರಿಸಿ ಗಾಳಹಾಕುವ ವಿಧಾನವನ್ನು ಹೇಳಿದ್ದಾನೆ. ಬನವಾಸಿ ಮತ್ತು ಹಲಸಿಗೆ ನಾಡುಗಳು ಆ ಕಾಲದಲ್ಲಿ ಚಾಲುಕ್ಯರ ಸಾಮಂತರಾದ ಕದಂಬರ ಆಳಿಕೆಯಲ್ಲಿದ್ದವು. ಇಂದಿನ ಹಳಿಯಾಳ ಮುಂಡಗೋಡಗಳ ಸೀಮೆ ಆ ನಾಡುಗಳ ಆಸುಪಾಸಿನದೇ. ಅರಸನಿಗೆ ಮೃಗದ ಜಾಡನ್ನು ತೋರಿಸಿಕೊಟ್ಟವರು ಕಾಡಿನವರೇ ಎಂದು ಊಹಿಸುವುದು ಅನುಚಿತವಾಗಲಾರದು. ಅರಮನೆಯಲ್ಲಿ ಯಾವುದು ವಿನೋದವಾಗಿತ್ತೋ ಗುಡಿಸಲಿನಲ್ಲಿ ಅದೇ ಹೊತ್ತಿನ ಊಟವಾಗಿತ್ತು.

ಇನ್ನು ಧರ್ಮಶಾಸ್ತ್ರದ ಮಾತು. ಐದು ಉಗುರುಗಳುಳ್ಳ ಪ್ರಾಣಿಗಳಲ್ಲಿ ಮೊಲ, ಉಡ, ಆಮೆ, ಮುಳ್ಳುಹಂದಿಯ ಎರಡು ಜಾತಿಗಳು, ಇವೈದೇ ಭಕ್ಷ್ಯವೆಂಬ ನಿಯಮವು ಪ್ರಸಿದ್ಧವಾಗಿದೆ. ರಾಮಾಯಣದಲ್ಲಿ ಬಾಣ ತಗುಲಿ ಬಿದ್ದ ವಾಲಿಯು ರಾಮನಿಗೆ ಇದನ್ನೇ ನೆನಪಿಸಿ, ವಾನರನ ಮಾಂಸವು ಯಾರಿಗೂ ಉಪಯೋಗವಿಲ್ಲದಿರುವಾಗ ತನ್ನನ್ನು ಕೊಂದುದೇಕೆಂದು ಕೇಳುತ್ತಾನೆ. ಪತಂಜಲಿಯು ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿ ಇದನ್ನು ಉದಾಹರಣೆಯಾಗಿ ಎತ್ತಿಕೊಂಡಿದ್ದಾನೆ. ಮೀಮಾಂಸಕರು ಇಂತಹ ವಾಕ್ಯಕ್ಕೆ ಪರಿಸಂಖ್ಯಾವಿಧಿ ಎಂದು ಹೆಸರಿಟ್ಟರು. ಅದರ ತಾತ್ಪರ್ಯವನ್ನು ಚೆನ್ನಾಗಿ ಗ್ರಹಿಸಬೇಕು. ಹಸಿದ ಮನುಷ್ಯನು ಮಾಂಸವನ್ನು ತಾನಾಗಿಯೇ ತಿನ್ನುತ್ತಾನೆ. ಅವನಿಗೆ ತಿನ್ನೆಂದು ಶಾಸ್ತ್ರವು ಅಪ್ಪಣೆ ಕೊಡಬೇಕಾದುದಿಲ್ಲ. ಆದಕಾರಣ ಆ ವಾಕ್ಯವು ಐದನ್ನು ತಿನ್ನಲೇಬೇಕೆಂದು ವಿಧಿಸುವುದಿಲ್ಲ. ಐದನ್ನು ಎಣಿಸಿ ಮಿಕ್ಕವುಗಳಿಂದ ಕೈಯನ್ನು ತಡೆಯುತ್ತದೆ. ಎಣಿಸುವುದೆಂದರೆ ಎಲ್ಲೆಕಟ್ಟುವುದು.

ಅಶೋಕಚಕ್ರವರ್ತಿಯ ಐದನೆಯ ಸ್ತಂಭಶಾಸನವೂ ಇದೇ ಜಾತಿಯದು. ಪಟ್ಟಾಭಿಷೇಕವಾದ ಇಪ್ಪತ್ತಾರನೆಯ ವರ್ಷದಲ್ಲಿ ಬರೆಯಿಸಿದ ಆ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ. ಗರ್ಭಿಣಿಯಾದ ಮತ್ತು ಹಾಲೂಡುವ ಆಡು ಕುರಿ ಹಂದಿಗಳನ್ನೂ ಆರು ತಿಂಗಳು ತುಂಬದ ಮರಿಗಳನ್ನೂ ಕೊಲ್ಲಕೂಡದೆಂದಿದೆ. ಇಂತಿಂತಹ ದಿನಗಳಲ್ಲಿ ಮೀನನ್ನು ಮಾರಕೂಡದೆಂದಿದೆ. ಪ್ರಾಣಿ, ವಯಸ್ಸು, ದಿನ ಎಂಬ ಮೂರು ಬಗೆಯ ಎಲ್ಲೆಗಳು ಇಲ್ಲಿ ಸ್ಪಷ್ಟವಾಗಿವೆ. ಕಾಳೀತೀರದ ಜನರು ಈ ಶಾಸನವನ್ನು ಓದಿದವರಲ್ಲ. ಆದರೂ ಅವರ ನಡವಳಿಕೆಯಲ್ಲಿ ಇಂತಹ ಎಲ್ಲೆಗಳೇ ಕಾಣಬರುತ್ತವೆ.

೩. ಕಾಡಿನ ಪಂಚಾಂಗ

ವರ್ಷದ ಲೆಕ್ಕವು ಮಳೆಯ ನಕ್ಷತ್ರಗಳಿಂದ ಆರಂಭವಾಗುತ್ತದೆ. ಮೃಗಶಿರಾ ನಕ್ಷತ್ರದ ಮಳೆಗೆ, ಅಂದರೆ ಜನರ ಬಾಯಲ್ಲಿ ಮಿರಗದ ಮಳೆಗೆ, ಹೊಳೆಯಲ್ಲಿ ಹೊಸ ನೀರು ಬಂದೊಡನೆ ಮೀನುಗಳು ಪ್ರವಾಹಕ್ಕೆ ಎದುರಾಗಿ ಹಳ್ಳಗಳನ್ನೇರಿ, ನೀರು ನಿಂತ ಗದ್ದೆಗಳಿಗೆ ಮೊಟ್ಟೆಯಿಡಲು ಬರುತ್ತವೆ. ಮಲೆನಾಡಿನಲ್ಲಿ ಇವಕ್ಕೆ ಹತ್ತುಮೀನು ಎಂದು ಹೆಸರು. ಬಿದಿರಿನ ಕಡ್ಡಿಗಳಿಂದ ಹೆಣೆದ ಕೂಳಿಯನ್ನು ಗದ್ದೆಯ ಬದುವಿನಲ್ಲಿ ನೀರು ಬೀಳುವ ಕಡೆ ಇಟ್ಟರೆ, ಒಳಹೊಕ್ಕ ಮೀನು ತಿರುಗಿ ಹೊರಬರಲಾರದು. ಕೂಳಿಯ ಕಡ್ಡಿಗಳ ನಡುವೆ ಸಂದುಗಳಿರುವುದರಿಂದ ದೊಡ್ಡ ಮೀನು ನಿಲ್ಲುತ್ತದೆ, ಮರಿ ನುಸುಳಿಹೋಗುತ್ತದೆ. ಬೆರಳಿನ ಅಳತೆಯಿಂದ ಹೆಣೆದ ಈ ಸಂದೇ ಬರುವ ವರ್ಷದ ಮೀನಿಗೆ ಜಾಮೀನು. ಸೊಳ್ಳೆಪರದೆಯಂತಹ ನೈಲಾನ್ ಬಲೆಗೆ ಈ ವಿವೇಕವಿಲ್ಲ.

ಅದೇ ಮಳೆಗಾಲದಲ್ಲಿ ಗದ್ದೆಯ ಏಡಿಗಳೂ ಹಳ್ಳದ ಕಲ್ಲೇಡಿಗಳೂ ಹೊರಬೀಳುತ್ತವೆ. ಏಡಿಯ ಸಾರು ಶೀತಕ್ಕೂ ನಿಶ್ಶಕ್ತಿಗೂ ಒಳ್ಳೆಯದೆಂದು ಮಲೆನಾಡಿನ ಮನೆಮನೆಯ ನಂಬಿಕೆ. ಏಡಿಯನ್ನು ತಿರುಗಿಸಿ ನೋಡಿದಾಗ ಹೊಟ್ಟೆಯ ಮೇಲಿನ ಮಡಿಕೆ ಅಗಲವಾಗಿದ್ದರೆ ಹೆಣ್ಣು, ಕಿರಿದಾಗಿದ್ದರೆ ಗಂಡು. ಸಿಹಿನೀರಿನ ಹೆಣ್ಣೇಡಿಯು ಮೊಟ್ಟೆಗಳನ್ನೂ ಅವು ಒಡೆದ ಮೇಲೆ ಮರಿಗಳನ್ನೂ ಆ ಮಡಿಕೆಯಲ್ಲೇ ಹೊತ್ತು ತಿರುಗುತ್ತದೆ. ಒಂದನ್ನು ಬಿಟ್ಟರೆ ನೂರಾರು ಉಳಿದಾವೆಂಬುದು ಮಡಿಕೆಯನ್ನೆತ್ತಿ ನೋಡಬಲ್ಲವರಿಗೆ ಬೇರೆ ಹೇಳಬೇಕಾದುದಿಲ್ಲ.

ಬೇಸಗೆಯ ಕಡೆಗೆ ಬಂದರೆ ಪೂರ್ವಭಾಗದ ಕೆರೆಗಳ ಸರದಿ. ಮುಂಡಗೋಡ, ಬನವಾಸಿ, ಸೊರಬಗಳ ಸೀಮೆಯಲ್ಲಿ ಕೆರೆಬೇಟೆಯೆಂಬ ಸಾಮೂಹಿಕ ಮೀನುಬೇಟೆಯು ಪ್ರಸಿದ್ಧವಾದುದು. ಕೆರೆಯ ನೀರು ಮೊಣಕಾಲಿಗೋ ಸೊಂಟಕ್ಕೋ ಇಳಿದಾಗ ಊರಿನವರು ದಿನವನ್ನು ಗೊತ್ತುಮಾಡಿ ಸುತ್ತಲಿನ ಊರುಗಳಿಗೆ ತಿಳಿಸುತ್ತಾರೆ. ಮೇಲೆಯೂ ಕೆಳಗೆಯೂ ಬಾಯಿಯುಳ್ಳ ಕೂಣಿಯೆಂಬ ಬಿದಿರ ಬುಟ್ಟಿಯನ್ನು ಹಿಡಿದು ಜನರು ದಡದಲ್ಲಿ ನಿಂತು, ಸಂಜ್ಞೆಯಾದೊಡನೆ ಒಟ್ಟಿಗೆ ಕೆರೆಗಿಳಿಯುತ್ತಾರೆ. ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈಯಿಕ್ಕಿ ಮೀನನ್ನು ಹಿಡಿಯುವುದು ಕ್ರಮ. ಕೂಣಿಗೆ ಇಷ್ಟೆಂದು ಕೊಡುವ ಹಣವು ಊರಿನ ದೇವಾಲಯಕ್ಕೋ ಊರಿನ ಕಾರ್ಯಕ್ಕೋ ಸಲ್ಲುತ್ತದೆ. ಬತ್ತಲಿರುವ ಕೆರೆಯ ಮೀನು ಹೇಗೂ ಉಳಿಯುವಂತಹುದಲ್ಲ. ಅದನ್ನು ವರ್ಷಕ್ಕೊಮ್ಮೆ, ಎಲ್ಲರ ಎದುರಿಗೆ, ಎಲ್ಲರೂ ಸೇರಿ ಹಿಡಿಯುವುದರಲ್ಲಿ ಅನ್ನದ ನ್ಯಾಯವೂ ಲೆಕ್ಕದ ನ್ಯಾಯವೂ ಸೇರಿವೆ.

ಮಳೆ ಬೀಳುವುದಕ್ಕೆ ಮುಂಚಿನ ತಿಂಗಳುಗಳು ಚಿಗಳಿಯ ಕಾಲ. ಚಿಗಳಿ ಅಥವಾ ಚಗಳಿ ಎಂದರೆ ಮಾವು, ಗೇರು ಮೊದಲಾದ ಮರಗಳಲ್ಲಿ ಹಸುರೆಲೆಗಳನ್ನು ಕೂಡಿಸಿ ಗೂಡುಕಟ್ಟುವ ಕೆಂಪಿರುವೆ. ಈ ಇರುವೆಯು ತನ್ನ ಮರಿಹುಳುವನ್ನು ಬಾಯಲ್ಲಿ ಹಿಡಿದು, ಅದು ಒಸರುವ ರೇಷ್ಮೆಯ ಎಳೆಯಿಂದ, ನೇಕಾರನು ಲಾಳಿಯನ್ನಾಡಿಸುವಂತೆ ಎಲೆಗಳನ್ನು ಹೊಲಿಯುತ್ತದೆ. ಸಿದ್ದಿಯರೂ ಕುಣಬಿಯರೂ ಮಲೆನಾಡಿನ ಇತರರೂ ಗೂಡನ್ನು ಕೊಯ್ದು, ಇರುವೆಗಳನ್ನೂ ಬಿಳಿಯ ಮೊಟ್ಟೆಮರಿಗಳನ್ನೂ ಹುರಿದು, ಉಪ್ಪು, ಮೆಣಸಿನಕಾಯಿ, ಬೆಳ್ಳುಳ್ಳಿ, ಕಾಯಿತುರಿಗಳೊಡನೆ ಅರೆದು ಚಟ್ನಿ ಮಾಡುತ್ತಾರೆ. ಇರುವೆಯ ಮೈಯೊಳಗಿನ ಆಮ್ಲದಿಂದ ಅದಕ್ಕೆ ಹುಳಿ ತಾನಾಗಿಯೇ ಬರುತ್ತದೆ. ಕೆಮ್ಮು ನೆಗಡಿಗಳಿಗೆ ಇದು ಮದ್ದೆಂದೂ ಹೇಳುವರು. ಒಂದು ಬಳಗದ ಇರುವೆಗಳು ಅನೇಕ ಗೂಡುಗಳಲ್ಲಿ ಹರಡಿಕೊಂಡಿದ್ದು, ರಾಣಿಯು ಅವುಗಳಲ್ಲಿ ಒಂದರಲ್ಲಿ ಮಾತ್ರ ಇರುವುದರಿಂದ, ಒಂದೆರಡು ಗೂಡುಗಳನ್ನು ಕೊಯ್ದರೆ ಬಳಗವು ಅಳಿಯುವುದಿಲ್ಲ. ಮರವನ್ನೇ ಬರಿದುಮಾಡಿದರೆ ಅಳಿಯುತ್ತದೆ. ಈ ಇರುವೆಯು ಹಣ್ಣಿನ ಗಿಡಗಳ ಕೀಟಗಳನ್ನು ತಿನ್ನುವ ಉಪಕಾರಿಯೂ ಹೌದು. ಚೀನಾದೇಶದಲ್ಲಿ ಕಿತ್ತಳೆಯ ತೋಟಗಳಿಗಾಗಿ ಇದರ ಗೂಡುಗಳನ್ನು ಮಾರುತ್ತಿದ್ದರೆಂದು ಕ್ರಿ.ಶ. ೩೦೪ರ ಸುಮಾರಿನದೆನ್ನಲಾದ ಅಲ್ಲಿಯ ಗ್ರಂಥವೊಂದರಿಂದ ತಿಳಿದುಬರುತ್ತದೆ.

ಇನ್ನು ಬೇಟೆ. ಕಾಡುಹಂದಿ, ಕಾಡುಕುರಿ, ಮೊಲ, ಮುಳ್ಳುಹಂದಿ, ಕಾಡುಕೋಳಿಗಳು ಹಿಂದೆ ಈ ಸೀಮೆಯ ಒಲೆಗಳಿಗೆ ಬರುತ್ತಿದ್ದುದು ನಿಜ. ಬಹುಪಾಲು ಬೇಟೆ ಬೆಳೆಯ ಕಾವಲಿನಿಂದ ಹುಟ್ಟಿದ್ದು. ರಾಗಿಯನ್ನು ತಿನ್ನಬಂದ ಹಂದಿಯೇ ಊಟವಾಗುತ್ತಿತ್ತು. ಹಬ್ಬದ ಬೇಟೆಯು ಊರೊಟ್ಟಿನ ಕಾರ್ಯ. ಒಂದು ಕಡೆಯಿಂದ ಸೋವುವವರು, ಇನ್ನೊಂದು ಕಡೆ ಕಾದು ನಿಲ್ಲುವವರು. ಸಿಕ್ಕಿದ್ದನ್ನು ಪಾಲು ಹಾಕುವಾಗ ಹೊಡೆದವನಿಗೆ ವಿಶೇಷ ಪಾಲು, ಬಂದವರಿಗೆಲ್ಲ ಸಮಪಾಲು, ನಾಯಿಗೂ ಒಂದು ಪಾಲೆಂಬುದು ಮಲೆನಾಡಿನ ಬೇಟೆಗಳ ಸಾಮಾನ್ಯ ಕಟ್ಟಳೆ. ಬೇಟೆನಾಯಿಗೆ ಸಂದ ಈ ಗೌರವವು ಕರ್ಣಾಟಕದಲ್ಲಿ ಬಹು ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. ೯೪೯-೫೦ರ ಶಾಸನದಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ ವಿಷಯವಿದೆ. ಸಮಪಾಲಿನ ಕಟ್ಟಳೆಯು ನ್ಯಾಯದ ಜೊತೆಗೆ ಮಿತಿಯನ್ನೂ ತರುತ್ತಿತ್ತು. ಹಂಚಿ ಉಣ್ಣುವ ಮಾಂಸವು ಮಾರಾಟಕ್ಕೆ ಉಳಿಯುವುದಿಲ್ಲ, ಮಾರಾಟಕ್ಕೆ ಉಳಿಯದ ಮಾಂಸಕ್ಕಾಗಿ ಎರಡನೆಯ ಹಂದಿಯನ್ನು ಕೊಲ್ಲಬೇಕಾಗಿಲ್ಲ.

ಈ ಮರ್ಯಾದೆಗಳೆಲ್ಲವೂ ಧರ್ಮಬುದ್ಧಿಯಿಂದಲೇ ಹುಟ್ಟಿದವೆಂದರೆ ಅತಿಶಯೋಕ್ತಿಯಾದೀತು. ಆಯುಧದ ಅಶಕ್ತಿಯಿಂದ ಕೆಲವು, ಕಾಡಿನ ಭಯದಿಂದ ಕೆಲವು ಬಂದಿರಬೇಕು. ಕಾರೆಕಾಯಿಯನ್ನು ಜಜ್ಜಿ ಬೇಸಗೆಯ ಮಡುವಿಗೆ ಹಾಕಿ ಮೀನನ್ನು ಮಂಕುಗೊಳಿಸುವ ಉಪಾಯವೂ ಇದೇ ವಿದ್ಯೆಯ ಭಾಗವಾಗಿತ್ತು. ಅದರಲ್ಲಿ ಹಿರಿದು ಕಿರಿದೆಂಬ ಭೇದವಿಲ್ಲ. ಆದರೂ ಒಟ್ಟಿನಲ್ಲಿ ನೋಡಿದರೆ, ಇಂತಹ ಕಾಲ, ಇಂತಹ ಅಳತೆ, ಇಷ್ಟು ಜನಕ್ಕೆ ಇಷ್ಟು ಎಂಬ ಎಣಿಕೆಯೇ ಇಲ್ಲಿ ಪ್ರಧಾನ. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ, ಇದು ಬರೆಯದೆ ಉಳಿದ ಪರಿಸಂಖ್ಯೆ.

೪. ಕಾಯಿದೆಗಳ ಕಾಲ

ಈ ಎಣಿಕೆಯ ಸ್ಥಾನದಲ್ಲಿ ನಿಷೇಧವು ಬಂದು ಕುಳಿತ ಕಥೆಯು ಸುಮಾರು ನೂರೈವತ್ತು ವರ್ಷಗಳದು. ಅವಿಭಕ್ತ ಕಾನಡಾ ಜಿಲ್ಲೆಯು ಮದ್ರಾಸ್ ಇಲಾಖೆಯಲ್ಲಿದ್ದಾಗ, ೧೮೬೦ರ ಸುಮಾರಿಗೆ, ಅಪ್ಪಣೆಯಿಲ್ಲದ ಕುಮರಿಗೆ ತಡೆಯಾಯಿತು. ೧೮೬೨ರಲ್ಲಿ ಉತ್ತರಭಾಗವು ಮುಂಬಯಿ ಇಲಾಖೆಗೆ ಸೇರಿತು. ೧೮೭೮ನೆಯ ವರ್ಷ ಎರಡು ಕಾಯಿದೆಗಳನ್ನು ಒಟ್ಟಿಗೆ ತಂದಿತು. ಅರಣ್ಯದ ಕಾಯಿದೆಯಿಂದ ಕಾಡು ಮೀಸಲಾಗಿ, ಅದರೊಳಗೆ ನಿಯಮವಿರುದ್ಧವಾಗಿ ಬೇಟೆಯಾಡುವುದೂ ಮೀನು ಹಿಡಿಯುವುದೂ ನೀರಿಗೆ ವಿಷಹಾಕುವುದೂ ಉರುಲು ಒಡ್ಡುವುದೂ ಅಪರಾಧವಾಯಿತು. ಆಯುಧಗಳ ಕಾಯಿದೆಯಿಂದ ಕೋವಿಗೆ ಪರವಾನೆ ಬೇಕಾಯಿತು. ೧೮೯೭ರ ಮೀನುಗಾರಿಕೆಯ ಕಾಯಿದೆಯು ಮೀನು ಹಿಡಿಯಲು ಸಿಡಿಮದ್ದನ್ನೂ ವಿಷವನ್ನೂ ಬಳಸುವುದನ್ನು ದಂಡನೀಯವೆಂದಿತು. ಇದು ಒಳ್ಳೆಯ ಕಾಯಿದೆಯೆಂದು ಒಪ್ಪಲೇಬೇಕು. ಆದರೆ ಅದೇ ಕಾಲದಲ್ಲಿ ಹುಲಿಯನ್ನು ಕೊಂದವರಿಗೆ ಸರಕಾರವು ಬಹುಮಾನ ಕೊಡುತ್ತಿತ್ತು. ಪರವಾನೆಯುಳ್ಳ ಅಧಿಕಾರಿಗೆ ಶಿಕಾರಿ ಗೌರವದ ವಿನೋದವಾಗಿತ್ತು. ಉರುಲು ಒಡ್ಡಿದ ಬಡವನು ಕಳ್ಳನಾದನು. ಮಾನಸೋಲ್ಲಾಸದ ಕಾಲದಲ್ಲಿ ವಿನೋದವೂ ಊಟವೂ ಒಂದೇ ಕಾಡಿನಲ್ಲಿ ನೆರೆಹೊರೆಯಾಗಿದ್ದವು; ಈಗ ವಿನೋದಕ್ಕೆ ಚೀಟಿ ಸಿಕ್ಕಿತು, ಊಟಕ್ಕೆ ಸಿಕ್ಕಲಿಲ್ಲ.

೧೯೨೭ರ ಅರಣ್ಯದ ಕಾಯಿದೆಯೂ ೧೯೫೧ರ ಮುಂಬಯಿ ರಾಜ್ಯದ ವನ್ಯಪ್ರಾಣಿ ಪಕ್ಷಿಗಳ ಕಾಯಿದೆಯೂ ಇದೇ ಹಾದಿಯಲ್ಲಿ ನಡೆದವು. ೧೯೫೬ರಲ್ಲಿ ದಾಂಡೇಲಿ ಅಭಯಾರಣ್ಯವು ಸ್ಥಾಪಿತವಾಯಿತು. ಜಿಲ್ಲೆಯು ಅದೇ ವರ್ಷ ನವೆಂಬರ್ ೧ರಂದು ವಿಶಾಲ ಮೈಸೂರಿಗೆ ಸೇರಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇಡೀ ದೇಶದ ಬೇಟೆಯನ್ನು ಬಿಗಿಹಿಡಿಯಿತು. ೧೯೯೧ರ ತಿದ್ದುಪಡಿಯಿಂದ ಪರವಾನೆಯ ಶಿಕಾರಿಯೂ ಕೊನೆಗಂಡು, ಸಾಹೇಬನೂ ಬಡವನೂ ಕಾಯಿದೆಯ ಮುಂದೆ ಸಮರಾದರು. ಈ ಕಾಯಿದೆಯು ಬುಡಕಟ್ಟಿನವರ ಬೇಟೆಯ ಹಕ್ಕನ್ನು ಉಳಿಸಿದ್ದು ನಿಕೋಬಾರ್ ದ್ವೀಪಗಳಲ್ಲಿ ಮಾತ್ರ. ೧೯೮೭ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವು ಏರ್ಪಟ್ಟಿತು. ೧೦೧ ಮೀಟರು ಎತ್ತರದ ಸೂಪಾ ಅಣೆಕಟ್ಟು ಪೂರ್ಣಗೊಂಡುದೂ ಆ ವರ್ಷವೇ. ೨೦೦೭ರಲ್ಲಿ ದಾಂಡೇಲಿ ಅಣಶಿಗಳು ಸೇರಿ ಹುಲಿ ಸಂರಕ್ಷಿತ ಪ್ರದೇಶವಾಗಿ, ೨೦೧೫ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು.

ಹುಲಿಗೂ ಕಾಟಿಗೂ ನೆಲೆ ಉಳಿದುದು ಈ ಕಾಯಿದೆಗಳಿಂದಲೇ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಕೋವಿ, ರಸ್ತೆ, ಪೇಟೆ ಇವು ಮೂರೂ ಕಾಡಿಗೆ ಬಂದ ಮೇಲೆ ಹಳೆಯ ಸಮಪಾಲಿನ ಕಟ್ಟಳೆಯೊಂದೇ ಮೃಗಗಳನ್ನು ಕಾಯುವಷ್ಟು ಬಲವುಳ್ಳದ್ದಾಗಿರಲಿಲ್ಲ. ಆದಕಾರಣ ಬೇಟೆಯನ್ನು ಮರಳಿ ತರಬೇಕೆಂಬ ವಾದಕ್ಕೆ ಇಲ್ಲಿ ಎಡೆಯಿಲ್ಲ. ವಿಚಾರಿಸಬೇಕಾದುದು ಬೇರೆ: ಊಟವನ್ನು ನಿಷೇಧಿಸಿದಾಗ ಅದರೊಡನೆ ಇದ್ದ ಅರಿವೇನಾಯಿತು?

೫. ಹಕ್ಕು, ಅರಿವು, ಮೌನ

೨೦೦೬ರ ಅರಣ್ಯ ಹಕ್ಕು ಮಾನ್ಯತಾ ಕಾಯಿದೆಯ ಮೂರನೆಯ ಕಲಮನ್ನು ಓದಿದರೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳಿಗೆ ಒಡೆತನವನ್ನು ಆ ಕಲಮು ಒಪ್ಪುತ್ತದೆ. ಆ ಉತ್ಪನ್ನಗಳಲ್ಲಿ ಜೇನೂ ಮೇಣವೂ ಸೇರಿವೆ. ಮೀನೇ ಮೊದಲಾದ ಜಲೋತ್ಪನ್ನಗಳ ಮೇಲೆ ಸಾಮುದಾಯಿಕ ಹಕ್ಕನ್ನು ಒಪ್ಪುತ್ತದೆ. ಜೀವವೈವಿಧ್ಯವನ್ನು ಕುರಿತ ಪರಂಪರಾಗತ ಜ್ಞಾನದ ಮೇಲೂ ಅವರಿಗೆ ಹಕ್ಕುಂಟೆಂದು ಸ್ಪಷ್ಟವಾಗಿ ಹೇಳುತ್ತದೆ. ಅದರ ಬೆನ್ನಲ್ಲೇ, ರೂಢಿಯಿಂದ ಬಂದ ಇತರ ಹಕ್ಕುಗಳನ್ನು ಒಪ್ಪುವಾಗ, ವನ್ಯಮೃಗಗಳನ್ನು ಬೇಟೆಯಾಡುವ, ಉರುಲಿಗೆ ಹಿಡಿಯುವ, ಅವುಗಳ ಅಂಗವನ್ನು ತೆಗೆಯುವ ಹಕ್ಕನ್ನು ಹೊರತುಪಡಿಸುತ್ತದೆ. ಅಂದರೆ ಮೃಗವನ್ನು ಕುರಿತ ಅರಿವು ಹಕ್ಕಾಯಿತು, ಆ ಅರಿವಿನ ಪ್ರಯೋಗ ಅಪರಾಧವಾಗಿಯೇ ಉಳಿಯಿತು.

ಹಕ್ಕಿನ ವಿಷಯದಲ್ಲಿಯೂ ನೆರೆಹೊರೆಯವರೊಳಗೆ ಭೇದವುಂಟು. ೨೦೦೩ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಅದೇ ಕಾಯಿದೆಯು ಘಟ್ಟದಾಚೆಯ ಗೋವೆಯ ಕುಣಬಿಯರನ್ನೂ ಸೇರಿಸಿಕೊಂಡಿತು. ಈಚೆಯ ಜೋಯಿಡಾದ ಕುಣಬಿಯರೂ ಗೌಳಿಗರೂ ಆಗ ಸೇರಲಿಲ್ಲ. ಪಟ್ಟಿಯಲ್ಲಿಲ್ಲದವರು ಅರಣ್ಯದ ಹಕ್ಕನ್ನು ಪಡೆಯಬೇಕಾದರೆ ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ, ಅಲ್ಲಿಯೇ ವಾಸಿಸುತ್ತಿದ್ದುದನ್ನು ತೋರಿಸಬೇಕೆಂದು ೨೦೦೬ರ ಕಾಯಿದೆ ಹೇಳುತ್ತದೆ. ಬರಹವಿಲ್ಲದೆ ಬಾಳಿದವರಿಗೆ ಬರಹದ ಸಾಕ್ಷ್ಯವನ್ನು ಹುಡುಕುವ ಹೊರೆ ಬಿದ್ದಿತು.

ಇವೆಲ್ಲವುಗಳಿಂದ ಆದ ಹಾನಿಗಳಲ್ಲಿ ಕಣ್ಣಿಗೆ ಕಾಣದಿರುವುದು ಮೌನ. ಯಾವ ಮೃಗವು ಯಾವ ತಿಂಗಳಲ್ಲಿ ಮರಿಹಾಕುತ್ತದೆ, ಯಾವ ಜಾಡು ತಾಯಿಯದು, ಯಾವುದನ್ನು ಬಿಡಬೇಕು ಎಂದು ಹೇಳಹೊರಟ ಮುದುಕನು, ಹಿಂದೆ ತಾನು ಬೇಟೆಯಾಡಿದ್ದೆನೆಂದು ಒಪ್ಪಿಕೊಂಡಂತಾಗುತ್ತದೆ. ಆದ್ದರಿಂದ ಅವನು ಹೇಳುವುದಿಲ್ಲ. ಎರಡು ತಲೆಮಾರುಗಳ ಕಾಲ ಹೇಳದೆ ಉಳಿದ ವಿದ್ಯೆಯನ್ನು ಮೂರನೆಯ ತಲೆಮಾರು ಕೇಳಿಯೇ ಇರುವುದಿಲ್ಲ. ಬಿಡಬೇಕಾದುದೇನೆಂಬ ಅರಿವು ಹೀಗೆ ಮೊದಲು ಸಾಯುತ್ತದೆ. ಕೊಲ್ಲುವ ಉಪಾಯವಾದರೋ ಕೋವಿಯಿದ್ದವನಿಗೆ ಯಾರೂ ಕಲಿಸಬೇಕಾಗಿಲ್ಲ. ಇದಕ್ಕೆ ವಿದ್ಯಾವಂತರ ತಿರಸ್ಕಾರವೂ ಕೂಡಿಕೊಂಡಿದೆ. ಮಾಂಸವನ್ನು ಮುಟ್ಟದಿರುವುದು ಒಂದು ಮನೆಯ ವ್ರತವಾಗಿದ್ದರೆ ಅದು ಗೌರವಾರ್ಹವೇ. ಆದರೆ ಇರುವೆಯ ಚಟ್ನಿಯನ್ನೋ ಏಡಿಯ ಸಾರನ್ನೋ ಹೀಯಾಳಿಸುವುದು ವ್ರತದ ಅಂಗವಲ್ಲ. ಸಹಪಾಠಿಯ ನಗೆಗೆ ಅಂಜಿ ಮನೆಯ ಊಟವನ್ನು ಮುಚ್ಚಿಡಲು ಕಲಿತ ಹುಡುಗನು ಅದರೊಡನೆ ಅಜ್ಜಿಯ ಮಾತನ್ನೂ ಮುಚ್ಚಿಡಲು ಕಲಿಯುತ್ತಾನೆ. ಒಡಿಶಾ ರಾಜ್ಯದ ಮಯೂರಭಂಜದಲ್ಲಿ ಇದೇ ಕೆಂಪಿರುವೆಯಿಂದ ಮಾಡುವ ಚಟ್ನಿಗೆ ೨೦೨೪ರಲ್ಲಿ ಭೌಗೋಲಿಕ ಗುರುತಿನ ಮನ್ನಣೆ ದೊರೆಯಿತು. ಅಲ್ಲಿ ಗೌರವದ ಮುದ್ರೆ ಪಡೆದುದನ್ನು ಇಲ್ಲಿ ನಾಚಿಕೆಯ ವಸ್ತುವನ್ನಾಗಿ ಮಾಡುವುದು ಅವಿವೇಕ.

ಮಾಡಬಹುದಾದ ಕಾರ್ಯವು ದೊಡ್ಡದೇನಲ್ಲ. ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲೂ ಒಂದು ಸಮಿತಿಯಿದ್ದು, ಜನರ ಜೀವವೈವಿಧ್ಯದ ದಾಖಲೆಯೆಂಬ ಪುಸ್ತಕವನ್ನು ಸಿದ್ಧಪಡಿಸಬೇಕಾಗಿದೆ. ಆ ಪುಸ್ತಕದಲ್ಲಿ ಗಿಡಮೂಲಿಕೆಗಳ ಹೆಸರುಗಳಷ್ಟೇ ತುಂಬಿದರೆ ಸಾಲದು. ಕೂಳಿಯ ಸಂದಿನ ಅಳತೆ, ಮಿರಗದ ಮಳೆಗೆ ಏರುವ ಮೀನುಗಳ ಹೆಸರು, ಅಣೆಕಟ್ಟಾದ ಮೇಲೆ ಯಾವ ಮೀನು ಯಾವ ಹಳ್ಳಕ್ಕೆ ಬರುವುದು ನಿಂತಿತೆಂಬ ನೆನಪು, ಚಿಗಳಿಯ ಗೂಡಿನ ಕಾಲ, ಏಡಿಯ ಮಡಿಕೆ, ಕೆರೆಬೇಟೆಯ ಕಟ್ಟಳೆ, ಇವುಗಳನ್ನು ಆಯಾ ಜನರ ಮಾತಿನಲ್ಲೇ, ಕೊಂಕಣಿಯ ಪದವಿದ್ದರೆ ಕೊಂಕಣಿಯಲ್ಲೇ, ಬರೆಯಿಸಬೇಕು. ಇವುಗಳಲ್ಲಿ ಬಹಳಷ್ಟು ಅಭಯಾರಣ್ಯದ ಎಲ್ಲೆಯ ಹೊರಗೆ ಇಂದಿಗೂ ಯಾವ ಕಾಯಿದೆಗೂ ವಿರುದ್ಧವಲ್ಲ. ಹೇಳಿದವನಿಗೆ ಭಯವಿಲ್ಲ, ಬರೆದವನಿಗೂ ಇಲ್ಲ. ಬೇಟೆಯ ವಿಷಯದಲ್ಲಾದರೂ, ಹಿಂದಿನವರು ಯಾವಾಗ ಬಿಲ್ಲನ್ನು ಕೆಳಗಿಟ್ಟರೆಂಬ ಅಂಶವನ್ನು ಬರೆದುಕೊಳ್ಳುವುದರಿಂದ ಒಂದು ಮೊಲಕ್ಕೂ ಅಪಾಯವಾಗದು. ಕಾಡನ್ನು ಕಾಯುವವನಿಗೆ ಅದೇ ಉಪಯೋಗಕ್ಕೆ ಬಂದೀತು.

ಶಾಸ್ತ್ರಕಾರರು ಐದನ್ನು ಎಣಿಸಿ ಬರೆದಿಟ್ಟುದರಿಂದ ಎರಡು ಸಾವಿರ ವರ್ಷಗಳ ಮೇಲೂ ಆ ಎಣಿಕೆಯನ್ನು ಕುರಿತು ಪಂಡಿತರು ಚರ್ಚಿಸುತ್ತಿದ್ದಾರೆ. ಕಾಳೀತೀರದವರ ಎಣಿಕೆಯನ್ನು ಬಲ್ಲವರು ಈಗ ಮುದುಕರು. ಅವರ ಬಳಿ ಕುಳಿತು ಬರೆದುಕೊಳ್ಳುವ ಕೆಲಸವು ಆ ನಾಲ್ಕು ತಾಲೂಕುಗಳ ಓದುಬಲ್ಲ ಮಕ್ಕಳಿಗೂ ಅವರಿಗೆ ಓದು ಕಲಿಸಿದವರಿಗೂ ಸೇರಿದ್ದು.